‘ರಮಣೀಯ’ ಎಂಬ ಪದವಿಲ್ಲದೆ ಕಾಫಿ ಹೂವನ್ನು ವರ್ಣಿಸುವುದು ಹೇಗೆ?

ಪ್ರಶ್ನೆ – ವಿರಾಜಪೇಟೆಯ ಉಪನ್ಯಾಸಕಿ
ನಾನು ಪದವಿಪೂರ್ವ ತರಗತಿಗೆ ಕನ್ನಡ ಕಲಿಸುತ್ತೇನೆ. ಕಾಫಿ ಹೂವಿನ ಕಾಲವನ್ನು ಕುರಿತು ಒಂದು ಪ್ಯಾರಾ ಬರೆಯಲು ಹೇಳಿದಾಗ, ತೋಟದ ಮನೆಗಳಲ್ಲೇ ಬೆಳೆದ ಮಕ್ಕಳು ಕೂಡ ‘ಪ್ರಕೃತಿಯು ರಮಣೀಯವಾಗಿ ಕಂಗೊಳಿಸುತ್ತಿತ್ತು, ಮನಸ್ಸಿಗೆ ಮುದ ನೀಡಿತು’ ಎಂದು ಬರೆದುಕೊಟ್ಟರು. ಐದೂ ಇಂದ್ರಿಯಗಳನ್ನು ಬಳಸಿ ಎಂದದ್ದಕ್ಕೆ ಐದು ವಾಕ್ಯಗಳ ಪಟ್ಟಿ ಬಂತು. ಒಬ್ಬ ಹುಡುಗನಂತೂ ನಾಲಗೆಯ ಲೆಕ್ಕ ತುಂಬಲು ಹೂವನ್ನೇ ಜಗಿದು ನೋಡಿದ್ದ. ಇದನ್ನು ಕಲಿಸುವ ಬಗೆ ಯಾವುದು?

ಉತ್ತರ – ಕಣದ ಮೂಲೆ
ಮೇಡಂ, ‘ರಮಣೀಯ’ ಎಂಬುದು ನೋಡಿದವರ ತೀರ್ಪು. ಅವರು ಕಂಡದ್ದೇನು ಎಂಬುದು ಅದರಲ್ಲಿಲ್ಲ. ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿ ಮೊಗ್ಗನ್ನು ಅರಳಿಸುವ ಹೂಮಳೆ ಬಿದ್ದು ವಾರ, ಹತ್ತು ದಿನಗಳಾಗುವಷ್ಟರಲ್ಲಿ ಮೊಗ್ಗುಗಳೆಲ್ಲ ಒಟ್ಟಿಗೇ ಅರಳಿ, ಗೆಣ್ಣುಗೆಣ್ಣಿಗೂ ಬಿಳಿ ಗೊಂಚಲು ಕಟ್ಟಿ, ಮಲ್ಲಿಗೆಯನ್ನು ಹೋಲುವ ಕಂಪು ರಸ್ತೆಯವರೆಗೂ ಬರುತ್ತದೆ; ಕೆಲವೇ ದಿನಗಳಲ್ಲಿ ಅದೇ ಹೂ ಕಂದಿ ಉದುರುತ್ತದೆ. ಮಕ್ಕಳು ಇದರಲ್ಲಿ ಯಾವ ದಿನದ, ಯಾವ ಹೊತ್ತಿನ ತೋಟವನ್ನು ಬರೆಯುತ್ತಿದ್ದಾರೆ ಎಂದು ಮೊದಲು ಕೇಳಿ. ಹೊತ್ತು ಗೊತ್ತಾದರೆ ವಿವರಗಳು ತಾವಾಗಿ ಬರುತ್ತವೆ, ಏಕೆಂದರೆ ಜೇನುನೊಣಗಳ ಮೊರೆತ ಬೆಳಗಿನ ಬಿಸಿಲಿಗೆ ಸೇರಿದ್ದೇ ಹೊರತು ನಡುರಾತ್ರಿಗಲ್ಲ.

ಉತ್ತರ – ನಿವೃತ್ತ ಮೇಷ್ಟ್ರು, ಮಡಿಕೇರಿ
ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಐದರ ಲೆಕ್ಕವನ್ನೇ ಕೈಬಿಡುವುದು ಒಳ್ಳೆಯದು. ಮಳೆಗಾಲದಲ್ಲಿ ನಮ್ಮ ಊರಿಗೆ ಮಂಜು ಕವಿದಾಗ ಹತ್ತು ಹೆಜ್ಜೆ ಆಚೆಯ ಮರ ಕಾಣುವುದಿಲ್ಲ, ಆಗ ಬರೆಯುವವನಿಗೆ ಕಿವಿಯೇ ಕಣ್ಣು. ಅಂಥ ಪ್ಯಾರಾದಲ್ಲಿ ಬಣ್ಣಗಳನ್ನು ತುರುಕಿದರೆ ಸುಳ್ಳಾಗುತ್ತದೆ.

ಇನ್ನೊಂದು ಮಾತು. ಕನ್ನಡದ ಅನುಕರಣಾವ್ಯಯಗಳನ್ನು ನಾವು ವ್ಯಾಕರಣದ ಪರೀಕ್ಷೆಗಷ್ಟೇ ಕಲಿಸಿ ಮರೆಯುತ್ತೇವೆ. ‘ಜಿಟಿಜಿಟಿ’ ಎಂದರೆ ಒಂದು ಮಳೆ, ‘ಧೋ’ ಎಂದರೆ ಬೇರೆಯೇ ಮಳೆ. ತಗಡಿನ ಮೇಲೆ ‘ಪಟಪಟ’ ಬಿದ್ದ ಹನಿ ಬಾಳೆ ಎಲೆಯ ಮೇಲೆ ಹಾಗೆ ಸದ್ದು ಮಾಡುವುದಿಲ್ಲ. ಕೊಡಗಿನ ಹಂದಿಮಾಂಸದ ಅಡುಗೆಯಾದ ಪಂದಿ ಕರಿಗೆ ಕಾಚಂಪುಳಿ ಎಂಬ ಕಪ್ಪು ಹುಳಿರಸ ಬಿದ್ದ ಗಳಿಗೆಯಲ್ಲಿ ಅಡುಗೆಮನೆಯ ವಾಸನೆ ಬದಲಾಗುವುದನ್ನು ‘ಘಮಘಮ’ ಎಂದುಬಿಟ್ಟರೆ ಮಾತ್ರ ಆ ಹುಳಿಯ ಚುರುಕು ಕಳೆದುಹೋಗುತ್ತದೆ. ಆದ್ದರಿಂದ ಒದಗಿದ ಮೊದಲ ಪದವನ್ನೇ ನಂಬಬಾರದೆಂದೂ ಹೇಳಿಕೊಡಿ.

ಉತ್ತರ – ಕುಶಾಲನಗರದ ಓದುಗ
ಗುಣವಾಚಕಗಳಿಲ್ಲದೆ ಆರು ವಾಕ್ಯ ಬರೆಯಿಸಿ ನೋಡಿ. ಮೊದಲ ದಿನ ಮಕ್ಕಳು ಗೊಣಗುತ್ತಾರೆ, ಅಷ್ಟೆ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ಹೂ ಜಗಿದ ಹುಡುಗನೇ ಮತ್ತೆ ಬರೆದುಕೊಟ್ಟದ್ದು ಹೀಗಿದೆ: ‘ಅಜ್ಜ ತೋಟದಿಂದ ಬಂದು ಅಂಗಿ ಕೊಡವಿದರು. ನೆಲಕ್ಕೆ ಎಸಳು ಉದುರಿದವು. ಎರಡು ಎಸಳು ಅವರ ಬೆವೆತ ಕುತ್ತಿಗೆಗೆ ಅಂಟಿಕೊಂಡೇ ಇದ್ದವು. ಅವರು ಕಾಫಿ ಕುಡಿದು ಎದ್ದುಹೋದ ಮೇಲೂ ಕುರ್ಚಿಯಲ್ಲಿ ಸುವಾಸನೆ ಇತ್ತು.’ ಆ ‘ಸುವಾಸನೆ’ಯನ್ನು ತೆಗೆಸಲೇ ಅಥವಾ ಇರಲಿ ಬಿಡಲೇ ಎಂದು ಇನ್ನೂ ಯೋಚಿಸುತ್ತಿದ್ದೇನೆ.