ಮೊಣಕೈ ಫ್ರ್ಯಾಕ್ಚರ್ ಆದ್ಮೇಲೆ ಫಿಸಿಯೋ: ಧೈರ್ಯ ಹೇಗೆ ಉಳಿಸ್ಕೊಂಡ್ರಿ?

ಸ್ಕೂಟರ್ ಸ್ಕಿಡ್ ಆಗಿ ಬಲ ಮೊಣಕೈ ಮುರೀತು, ಪ್ಲೇಟ್ ಹಾಕಿದಾರೆ. ಫಿಸಿಯೋ ನಡೀತಿದೆ ಆದ್ರೆ ಕೈ ಬಾಯಿವರೆಗೂ ಬರ್ತಿಲ್ಲ, ಎಡಗೈಲೇ ಸ್ಪೂನಲ್ಲಿ ಊಟ. ಎಷ್ಟು ಮಾಡಿದ್ರೂ ಅಷ್ಟೇ ಅನ್ಸಿ ಅಳು ಬರುತ್ತೆ. ಇದನ್ನ ದಾಟಿದೋರು ಹೇಳಿ ಪ್ಲೀಸ್.

ಉತ್ತರ: ಅಕ್ಕಾ, ನಂದೂ ಬಲಗೈಯೇ, ಪ್ಲೇಟೂ ಇದೆ. ಮೊಣಕೈ ಬೇಗ ಬಿಗಿದುಕೊಳ್ಳೋ ಕೀಲು, ಸಡಿಲ ಆಗೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ, ಅದಕ್ಕೇ ನೀವು ಸರಿಯಾಗಿ ಮಾಡ್ತಿಲ್ಲ ಅಂತ ಅನ್ಕೋಬೇಡಿ. ನಂಗೆ ಧೈರ್ಯ ಕೊಟ್ಟಿದ್ದು ಗೋನಿಯೋಮೀಟರ್, ಕೈ ಎಷ್ಟು ಮಡಚುತ್ತೆ ಅಂತ ಅಳೆಯೋ ಸ್ಕೇಲು. ಫಿಸಿಯೋ ಮೇಡಂ ವಾರಕ್ಕೊಂದ್ಸಲ ಅಳೆದು ಬರೆದಿಡೋರು, ದಿನಾ ನೋಡಿದ್ರೆ ಏನೂ ಕಾಣಲ್ಲ ಆದ್ರೆ ಆ ಚೀಟೀಲಿ ಸ್ವಲ್ಪ ಸ್ವಲ್ಪವೇ ಏರಿರೋದು ಕಾಣುತ್ತೆ, ಕೆಲವು ವಾರ ನಿಂತೇ ಹೋಗುತ್ತೆ, ಮತ್ತೆ ಹೊರಡುತ್ತೆ. ಇನ್ನೊಂದು, ದಿನದ ಹೆಚ್ಚಿನ ಕೆಲ್ಸಕ್ಕೆ ಸುಮಾರು 30ರಿಂದ 130 ಡಿಗ್ರಿವರೆಗೆ (ಕೈ ಪೂರ್ತಿ ನೆಟ್ಟಗಿದ್ರೆ 0) ಆಡಿದ್ರೆ ಸಾಕು, ಪೂರ್ತಿ ನೆಟ್ಟಗಾಗ್ಲಿಲ್ಲ ಅಂತ ಕೊರಗಬೇಡಿ. ಡಿಗ್ರಿ ಪಕ್ಕದಲ್ಲೇ ಕೆಲ್ಸಾನೂ ಬರ್ಕೊಳಿ, ಇವತ್ತು ಮುಖ ತೊಳೆದೆ, ಇವತ್ತು ಓಲೆ ತಿರುಪು ಸಿಕ್ತು, ಸಾರನ್ನ ಕಲಸಿ ಬಾಯಿಗಿಟ್ಟೆ ಅಂತ. ಜಡೆ ಹಾಕೋದು ಕೊನೇಗೆ ಬರುತ್ತೆ, ಅದಕ್ಕೆ ಭುಜಾನೂ ಏಳ್ಬೇಕಲ್ವಾ.

ದಯವಿಟ್ಟು ಒಂದ್ಮಾತು ಕೇಳಿ, ಎಣ್ಣೆ ಹಾಕಿ ನೀವಿ ಜೋರಾಗಿ ಎಳೆದು ಬಿಡಿಸ್ತೀನಿ ಅಂತ ಯಾರಾದ್ರೂ ಬಂದ್ರೆ ಕೈ ಕೊಡ್ಬೇಡಿ. ಮೊಣಕೈನ ಬಲವಂತ ಮಾಡಿದ್ರೆ ಸ್ನಾಯು ಒಳಗೇ ಮೂಳೆ ಬೆಳ್ಕೊಂಡು ಕೀಲು ಇನ್ನೂ ಬಿಗಿಯೋ ಅಪಾಯ ಇದೆ.

ಉತ್ತರ: ನಮ್ಮಮ್ಮ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರ್ಕೊಂಡಿದ್ರು. ಬ್ಯಾಂಡೇಜ್ ಬಿಚ್ಚಿದಾಗ ಕೈ ಸೊರಗಿರೋದು ನೋಡಿ ಮಾತೇ ಬಿಟ್ಟಿದ್ರು. ಸ್ಮೈಲಿ ಬಾಲ್ ಹಿಸುಕೋಕೆ ಒಂಚೂರೂ ಮನಸ್ಸಿರ್ಲಿಲ್ಲ, ಫಿಸಿಯೋನ ಕೇಳಿ ಮೆತ್ತಗೆ ಕಲಸಿದ ಚಪಾತಿ ಹಿಟ್ಟು ಕೊಟ್ವಿ, ಅಲ್ಲಿಂದ ಅವರೇ ಕೂತು ಮಾಡೋಕೆ ಶುರು ಮಾಡಿದ್ರು. ವ್ಯಾಕ್ಸ್, ಅಂದ್ರೆ ಕರಗಿಸಿದ ಮೇಣದ ಶಾಖ, ಕೊಟ್ಟು ಕೈ ಬೆಚ್ಚಗಿರುವಾಗ್ಲೇ ವ್ಯಾಯಾಮ ಮಾಡಿದ್ರೆ ನೋವು ಕಡಿಮೆ ಅನ್ನೋರು. ಮತ್ತೆ ಮನೆಗೆ ಬಂದೋರೆಲ್ಲ "ಇನ್ನೂ ಸರಿಹೋಗಿಲ್ವಾ" ಅಂತ ಕೇಳೋದು ಅವರಿಗೆ ನೋವಿಗಿಂತ ಹಿಂಸೆ ಆಗ್ತಿತ್ತು, ನಾವೇ ಮುಂಚೆನೇ ಹೇಳಿಡ್ತಿದ್ವಿ, ಕೈ ವಿಷ್ಯ ಎತ್ಬೇಡಿ ಅಂತ. ನಿಮ್ಮ ಮನೆಯೋರಿಗೂ ಹೇಳಿ.

ಉತ್ತರ: ಮೇಲಿನ ಇಬ್ರೂ ಹೇಳಿದ್ದು ಸರಿ. ವ್ಯಾಯಾಮ ಆದ್ಮೇಲೆ ಸ್ವಲ್ಪ ಹೊತ್ತು ನೋವಿದ್ರೆ ಹೆದರ್ಬೇಡಿ, ಮಾರನೇ ದಿನಕ್ಕೂ ಊತ, ಬಿಸಿ ಉಳಿದ್ರೆ ಫಿಸಿಯೋಗೆ ಹೇಳಿ ಕಡಿಮೆ ಮಾಡ್ಸಿ. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡೀತಿದ್ರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯ್ಬೇಡಿ, ಮೊಣಕೈ ಹತ್ರ ಹಾದುಹೋಗೋ ನರಕ್ಕೆ ತೊಂದ್ರೆ ಆಗಿರ್ಬೋದು, ಡಾಕ್ಟ್ರಿಗೆ ತೋರ್ಸಿ.