ಅಪ್‌ಡೇಟ್: ಅಪ್ಪನ ಇನ್‌ಹೇಲರ್ ಮತ್ತು ನಾಲಿಗೆಯ ಬಿಳಿ ಪೊರೆ

ಇನ್‌ಹೇಲರ್ ತಗೊಂಡರೂ ಅಪ್ಪನಿಗೆ ಯಾಕೆ ಆರಾಮಾಗ್ತಿಲ್ಲ ಅಂತ ಮಂಡ್ಯದಿಂದ ಇಲ್ಲಿ ಕೇಳಿದ್ದೆ, ನೆನಪಿದೆ ಅಲ್ವಾ? ಅಪ್ಪನಿಗೆ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ. ಬುಡೆಸೊನೈಡ್ (ಊತ ಇಳಿಸುವ ಸ್ಟೀರಾಯ್ಡ್), ಫಾರ್ಮೊಟೆರಾಲ್ (ಶ್ವಾಸನಾಳ ಹಿಗ್ಗಿಸುವ ಔಷಧಿ) ಎರಡೂ ಸೇರಿದ ಇನ್‌ಹೇಲರ್ ದಿನಾ ಎರಡು ಹೊತ್ತು ತಗೊಂಡರೂ ಏದುಸಿರು ಕಡಿಮೆ ಆಗಿರಲಿಲ್ಲ. ಜೊತೆಗೆ ನಾಲಿಗೆ ಮೇಲೆ ಬಿಳಿ ಪೊರೆ, ಗಂಟಲು ಬೇರೆ ಕಟ್ಟಿತ್ತು.

ಕೈ ಹಿಡಿದದ್ದು ಸ್ಪೇಸರ್, ಅಂದರೆ ಇನ್‌ಹೇಲರ್‌ಗೂ ಬಾಯಿಗೂ ನಡುವೆ ಸಿಕ್ಕಿಸುವ ಕೊಳವೆ. ಆ ಸಲಹೆ ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್. ಎದೆರೋಗದ ಡಾಕ್ಟರೂ ಅದನ್ನೇ ಹೇಳಿದರು. ಮೊದಲು ಇನ್‌ಹೇಲರ್ ಡಬ್ಬಿ ಒತ್ತುವುದೂ ಉಸಿರು ಎಳೆಯುವುದೂ ಒಟ್ಟಿಗೆ ಆಗದೆ, ಔಷಧಿ ಬಾಯಲ್ಲೇ ಉಳಿಯುತ್ತಿತ್ತು. ಈಗ ಡಬ್ಬಿ ಚೆನ್ನಾಗಿ ಅಲ್ಲಾಡಿಸಿ, ಸ್ಪೇಸರ್‌ಗೆ ಸಿಕ್ಕಿಸಿ, ಒಂದು ಸಲ ಒತ್ತಿ, ನಿಧಾನವಾಗಿ ಎಳೆದು, 10 ಎಣಿಸುವವರೆಗೆ ಉಸಿರು ಹಿಡಿಯುತ್ತಾರೆ. ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಲೇಬೇಕು. ಸ್ಟೀರಾಯ್ಡ್ ಬಾಯಲ್ಲಿ ಉಳಿದರೆ ಫಂಗಸ್ ಬೆಳೆಯುತ್ತೆ, ಆ ಬಿಳಿ ಪೊರೆ ಅದೇ.

ಪೊರೆ ಹೋಗಿದ್ದು ಡಾಕ್ಟರ್ ಬರೆದುಕೊಟ್ಟ ಔಷಧಿಯಿಂದ. ಜೇನುತುಪ್ಪದಿಂದ ಏನೂ ಆಗಲಿಲ್ಲ.

ನನಗೆ ಆಶ್ಚರ್ಯ ಆಗಿದ್ದು ಇದು: ಪ್ಲಾಸ್ಟಿಕ್ ಸ್ಪೇಸರನ್ನು ಸೋಪುನೀರಲ್ಲಿ ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಬಾರದು, ತಾನಾಗೇ ಒಣಗಬೇಕು. ಉಜ್ಜಿದರೆ ಸ್ಟ್ಯಾಟಿಕ್ ವಿದ್ಯುತ್ ಹುಟ್ಟಿ ಔಷಧಿ ಒಳಗೋಡೆಗೇ ಅಂಟಿಕೊಳ್ಳುತ್ತೆ.

ಅಪ್ಪ ಈಗ ನಿಲ್ಲದೆ ಮೆಟ್ಟಿಲು ಹತ್ತುತ್ತಾರೆ, ನೋಡಿ ಜೀವಕ್ಕೆ ಸಮಾಧಾನ. ಆಲೆಮನೆ ಹೊಗೆ ಕುಡಿದ ದಿನ ಮಾತ್ರ ಕೆಮ್ಮು ಜಾಸ್ತಿ. ಆರಾಮಾಗಿದೆ ಅಂತ ಇನ್‌ಹೇಲರ್ ಬಿಡಬಾರದು ಅಂತ ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದಾರೆ.