[ಪರಿಹಾರವಾಗಿದೆ] ಗೋಡೋ 4: ಸಂಭಾಷಣೆ ಒಂದೊಂದೇ ಅಕ್ಷರವಾಗಿ ಮೂಡುವಾಗ ಒತ್ತಕ್ಷರಗಳು ಒಡೆಯುತ್ತಿವೆ – ಅಳಗುಳಿಮಣೆ ಆಟದ ಪ್ರಗತಿ ವರದಿಯೊಂದಿಗೆ

ಅಳಗುಳಿ ತಂಡ

ಎಲ್ಲರಿಗೂ ನಮಸ್ಕಾರ. ನಾವು ಮೂವರು ಸೇರಿ ನಡೆಸುತ್ತಿರುವ ಪುಟ್ಟ ಸ್ಟುಡಿಯೋದ ಅಳಗುಳಿಮಣೆ ಆಟ ಈ ತಿಂಗಳು ಎಲ್ಲಿಗೆ ಬಂದಿದೆ ಎಂಬುದನ್ನು ತಿಳಿಸುತ್ತ, ಬಿಡುಗಡೆಗೆ ಅಡ್ಡ ನಿಂತಿರುವ ಒಂದು ತೊಡಕಿಗೆ ನಿಮ್ಮ ನೆರವು ಕೇಳುತ್ತಿದ್ದೇನೆ.

ಮಣೆಯ ಚಿತ್ರಗಳು ಮುಗಿದಿವೆ. ಎರಡು ಸಾಲಿನ 14 ಗುಳಿಗಳಿಗೆ ಹುಣಸೆ ಬೀಜ ಬೀಳುವ ಸದ್ದನ್ನು ಮರದ ಮಣೆಯ ಮೇಲೆಯೇ ಧ್ವನಿಮುದ್ರಿಸಿಕೊಂಡಿದ್ದೇವೆ. ಖಾಲಿ ಗುಳಿಗೆ ಬೀಳುವ ಬೀಜದ ಸದ್ದಿಗೂ, ತುಂಬಿದ ಗುಳಿಯಲ್ಲಿ ಬೀಜದ ಮೇಲೆ ಬೀಜ ಬೀಳುವ ಸದ್ದಿಗೂ ಇರುವ ವ್ಯತ್ಯಾಸ ಆಟದಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಉಳಿದಿರುವುದು ಆಟ ಕಲಿಸುವ ಅಜ್ಜಿಯ ಮಾತುಗಳು. ಆಟ ಕಟ್ಟುವ ಎಂಜಿನ್ ಆದ ಗೋಡೋದ 3ನೇ ಆವೃತ್ತಿಯಲ್ಲಿ ಒತ್ತಕ್ಷರಗಳು ಕೂಡಿಕೊಳ್ಳುತ್ತಲೇ ಇರಲಿಲ್ಲವಾದ್ದರಿಂದ ಅಜ್ಜಿಯ ಪ್ರತಿಯೊಂದು ಮಾತನ್ನೂ ಚಿತ್ರವಾಗಿ ಮಾಡಿ ಇಟ್ಟಿದ್ದೆವು. ಒಂದು ದೀರ್ಘ ತಿದ್ದಬೇಕಾದರೂ ಇಡೀ ಚಿತ್ರವನ್ನು ಹೊಸದಾಗಿ ಮಾಡಬೇಕಾಗುತ್ತಿತ್ತು. ಈಗ ಎಲ್ಲವನ್ನೂ ಗೋಡೋ 4ಕ್ಕೆ ತಂದು, ಮಾತುಗಳನ್ನು ಅದರ ಪಠ್ಯ ತೋರಿಸುವ ಘಟಕವಾದ ರಿಚ್‌ಟೆಕ್ಸ್ಟ್‌ಲೇಬಲ್‌ನಲ್ಲಿ ಪಠ್ಯವಾಗಿಯೇ ತೋರಿಸುತ್ತಿದ್ದೇವೆ. ಫಾಂಟ್ ನೋಟೋ ಸಾನ್ಸ್ ಕನ್ನಡ.

ತೊಡಕು ಹೀಗಿದೆ. ಅಜ್ಜಿ ಮಾತನಾಡುತ್ತಿರುವಂತೆ ಅನ್ನಿಸಲಿ ಎಂದು ಪಠ್ಯವನ್ನು ಒಂದೊಂದೇ ಅಕ್ಷರವಾಗಿ ಮೂಡಿಸುತ್ತೇವೆ. ‘ಸೂರ್ಯ’ ಎಂಬ ಪದ ಮೂಡುವಾಗ ಮೊದಲು ‘ಸ’, ಆಮೇಲೆ ‘ಸೂ’, ಬಳಿಕ ‘ಸೂರ’, ‘ಸೂರ್’, ಕೊನೆಗೆ ರಕಾರ ಹಾರಿಹೋಗಿ ಅರ್ಕಾವತ್ತಾಗಿ ‘ಸೂರ್ಯ’ ಎಂದು ಕಾಣಿಸುತ್ತದೆ. ‘ಮತ್ತೊಂದು’, ‘ಅಷ್ಟೂ’ ಮುಂತಾದ ಪದಗಳೂ ಹೀಗೆಯೇ ಕಣ್ಣೆದುರು ಆಕಾರ ಬದಲಿಸುತ್ತವೆ. ಈಗಷ್ಟೇ ಓದಲು ಕಲಿಯುತ್ತಿರುವ ಮಕ್ಕಳಿಗಾಗಿ ಮಾಡುತ್ತಿರುವ ಆಟದಲ್ಲಿ ಇದನ್ನು ಹೀಗೇ ಬಿಡಲು ನಮಗೆ ಮನಸ್ಸಿಲ್ಲ.

ಇನ್ನೊಂದು ಸಣ್ಣ ತೊಂದರೆಯೂ ಇದೆ: ಶೀರ್ಷಿಕೆ ಪರದೆಯ ದೊಡ್ಡ ಅಕ್ಷರಗಳಲ್ಲಿ ಗೆರೆಗಳು ಕೂಡುವ ಕಡೆ ತೂತುಗಳು ಕಾಣಿಸುತ್ತಿವೆ.

ಲಿಪಿಬಂಧ

ಪ್ರಗತಿ ಓದಿ ಸಂತೋಷವಾಯಿತು. ಮೊದಲು ಒಂದು ವಿಷಯ ಖಚಿತವಾಗಬೇಕು: ಪೂರ್ತಿ ವಾಕ್ಯವನ್ನು ಒಮ್ಮೆಗೇ ತೋರಿಸಿದಾಗ ಒತ್ತುಗಳೆಲ್ಲ ಸರಿಯಾಗಿ ಕೂಡಿರುತ್ತವೆಯೇ? ಸರಿಯಾಗಿದ್ದರೆ ಫಾಂಟಿನಲ್ಲಾಗಲಿ ಅಕ್ಷರ ಕೂಡಿಸುವ ಹಾರ್ಫ್‌ಬಝ್‌ನಲ್ಲಾಗಲಿ ದೋಷವಿಲ್ಲ ಎಂದರ್ಥ. ಸಮಸ್ಯೆ ಮೂಡಿಸುವ ಕ್ರಮದಲ್ಲಿದೆ. ರಿಚ್‌ಟೆಕ್ಸ್ಟ್‌ಲೇಬಲ್‌ನಲ್ಲಿ ‘ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್’ ಎಂಬ ಆಯ್ಕೆ ಯಾವುದಕ್ಕೆ ನಿಂತಿದೆ, ದಯವಿಟ್ಟು ತಿಳಿಸಿ.

ಅಳಗುಳಿ ತಂಡ

ಪೂರ್ತಿ ವಾಕ್ಯ ಒಮ್ಮೆಗೇ ಬಂದರೆ ಎಲ್ಲವೂ ಸರಿಯಾಗಿಯೇ ಕಾಣಿಸುತ್ತದೆ. ಆ ಆಯ್ಕೆ ‘ಕ್ಯಾರೆಕ್ಟರ್ಸ್ ಬಿಫೋರ್ ಶೇಪಿಂಗ್’ ಎಂದಿದೆ. ಅದನ್ನು ನಾವು ಮುಟ್ಟಿಲ್ಲ.

ಲಿಪಿಬಂಧ

ಹಾಗಾದರೆ ಕಾರಣ ಅದೇ. ‘ಬಿಫೋರ್ ಶೇಪಿಂಗ್’ ಎಂದಿದ್ದಾಗ ಎಂಜಿನ್ ಮೊದಲು ಪಠ್ಯವನ್ನು ಕತ್ತರಿಸಿ, ಉಳಿದ ತುಂಡನ್ನು ಆಮೇಲೆ ಕೂಡಿಸುತ್ತದೆ; ಕೀಲಿಮಣೆಯಲ್ಲಿ ಯಾರೋ ಆ ಪದವನ್ನು ಟೈಪ್ ಮಾಡುತ್ತಿದ್ದರೆ ಪರದೆಯಲ್ಲಿ ಹೇಗೆ ಕಾಣುವುದೋ ಹಾಗೆಯೇ ನಿಮಗೂ ಕಾಣುತ್ತಿದೆ. ಅದನ್ನು ‘ಕ್ಯಾರೆಕ್ಟರ್ಸ್ ಆಫ್ಟರ್ ಶೇಪಿಂಗ್’ಗೆ ಬದಲಿಸಿ. ಆಗ ಇಡೀ ವಾಕ್ಯ ಮೊದಲೇ ಕೂಡಿಕೊಂಡಿರುತ್ತದೆ, ಸಾಲು ಎಲ್ಲಿ ಮುರಿಯಬೇಕೆಂಬುದೂ ಮೊದಲೇ ನಿರ್ಧಾರವಾಗಿರುತ್ತದೆ; ಮೂಡಿಸುವುದೆಂದರೆ ಸಿದ್ಧವಾದ ಆಕಾರಗಳನ್ನು ಒಂದೊಂದಾಗಿ ತೋರಿಸುವುದಷ್ಟೇ. ಉದ್ದದ ಪದವೊಂದು ಅರ್ಧ ಮೂಡಿದ ಮೇಲೆ ಥಟ್ಟನೆ ಕೆಳಗಿನ ಸಾಲಿಗೆ ಜಿಗಿಯುವ ತೊಂದರೆಯೂ ಇದರಿಂದಲೇ ಹೋಗುತ್ತದೆ.

ಶೀರ್ಷಿಕೆಯ ತೂತುಗಳ ವಿಷಯ: ಆ ಫಾಂಟಿಗೆ ಎಂಎಸ್‌ಡಿಎಫ್ (ಎಷ್ಟು ದೊಡ್ಡದಾಗಿಸಿದರೂ ಅಕ್ಷರದ ಅಂಚು ಮಸುಕಾಗದಂತೆ ಚಿತ್ರಿಸುವ ವಿಧಾನ) ಆಯ್ಕೆ ಹಾಕಿದ್ದೀರೆಂದು ಊಹಿಸುತ್ತೇನೆ. ಒಂದೇ ಕಡತದಲ್ಲಿ ಹಲವು ದಪ್ಪಗಳಿರುವ ವೇರಿಯಬಲ್ ಫಾಂಟುಗಳಲ್ಲಿ ಒಂದೇ ಅಕ್ಷರದ ಬಾಹ್ಯರೇಖೆಗಳು ಒಂದರ ಮೇಲೊಂದು ಹಾಯ್ದಿರುವುದು ಸಾಮಾನ್ಯ, ಮತ್ತು ಎಂಎಸ್‌ಡಿಎಫ್ ಅಂಥ ರೇಖೆಗಳನ್ನು ಸರಿಯಾಗಿ ತುಂಬುವುದಿಲ್ಲ. ಆ ಆಯ್ಕೆಯನ್ನು ತೆಗೆದುಬಿಡಿ. ಅದು ಬೇಕೇ ಬೇಕೆಂದಾದರೆ ನಿಮಗೆ ಬೇಕಾದ ದಪ್ಪದ ಸ್ಥಿರ ಪ್ರತಿಯನ್ನು ಬಳಸಿ, ಫಾಂಟ್ ತಿದ್ದುವ ತಂತ್ರಾಂಶವಾದ ಫಾಂಟ್‌ಫೋರ್ಜ್‌ನ ‘ರಿಮೂವ್ ಓವರ್‌ಲ್ಯಾಪ್’ನಿಂದ ರೇಖೆಗಳನ್ನು ಒಂದಾಗಿಸಿಕೊಳ್ಳಿ.

ಅಳಗುಳಿ ತಂಡ

ಎಂಎಸ್‌ಡಿಎಫ್ ತೆಗೆದ ಕೂಡಲೇ ತೂತುಗಳು ಮಾಯವಾದವು, ಧನ್ಯವಾದಗಳು. ಆಕಾರ ಬದಲಿಸುವ ಸಮಸ್ಯೆಯೂ ನಿಂತಿತು.

ಆದರೆ ಈಗ ಲಯ ಕೆಟ್ಟಿದೆ. ಪ್ರತಿ ಅಕ್ಷರಕ್ಕೂ ಒಂದು ಬೀಜದ ಸದ್ದು ಕೇಳಿಸುವಂತೆ ಮಾಡಿದ್ದೇವೆ. ‘ಸ್ತ್ರೀ’ ಎಂಬುದು ಓದುವವರಿಗೆ ಒಂದೇ ಅಕ್ಷರ, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಮಾನಕವಾದ ಯುನಿಕೋಡ್‌ನಲ್ಲಿ ಮಾತ್ರ ಆರು ಸಂಕೇತಗಳು: ಸ, ವಿರಾಮ (ವ್ಯಂಜನವನ್ನು ಅರ್ಧಾಕ್ಷರವಾಗಿಸುವ ‘್’ ಚಿಹ್ನೆ), ತ, ವಿರಾಮ, ರ, ಈ ಸ್ವರಚಿಹ್ನೆ. ಹಾಗಾಗಿ ಆರು ಸದ್ದು ಕೇಳಿಸಿ, ಅಷ್ಟು ಹೊತ್ತು ಪಠ್ಯ ನಿಂತಂತಾಗುತ್ತದೆ. ‘ಮರ’ ಎಂಬ ಪದ ಮಾತ್ರ ಎರಡೇ ಸದ್ದಿಗೆ ಮುಗಿದುಬಿಡುತ್ತದೆ. ಒತ್ತಕ್ಷರ ಬಂದಲ್ಲೆಲ್ಲ ಅಜ್ಜಿ ತಡವರಿಸಿದಂತೆ ಕೇಳಿಸುತ್ತಿದೆ.

ಕರಾವಳಿ ಕೋಡ್

ಗೋಡೋದಲ್ಲಿ ಪಠ್ಯದ ಕೆಲಸ ನೋಡಿಕೊಳ್ಳುವ ಟೆಕ್ಸ್ಟ್‌ಸರ್ವರ್‌ನಲ್ಲಿ ಅಕ್ಷರಗಳ ಗಡಿಗಳನ್ನು ಪಟ್ಟಿ ಮಾಡಿ ಕೊಡುವ ‘ಸ್ಟ್ರಿಂಗ್ ಗೆಟ್ ಕ್ಯಾರೆಕ್ಟರ್ ಬ್ರೇಕ್ಸ್’ ಎಂಬ ಕರೆ ಇದೆ. ಒಂದೊಂದೇ ಸಂಕೇತ ಮುಂದಕ್ಕೆ ಹೋಗುವ ಬದಲು ಗಡಿಯಿಂದ ಗಡಿಗೆ ಹೋಗಿ ನೋಡಿ.

ಅಳಗುಳಿ ತಂಡ

ಪ್ರಯತ್ನಿಸಿದೆವು, ಅರ್ಧ ಗೆದ್ದಂತಾಗಿದೆ. ಸ್ವರಚಿಹ್ನೆಗಳು ಈಗ ವ್ಯಂಜನದ ಜೊತೆಗೇ ಬರುತ್ತವೆ, ಆದರೆ ‘ಸ್ತ್ರೀ’ ಇನ್ನೂ ಮೂರು ತುಂಡಾಗಿಯೇ ಬರುತ್ತಿದೆ. ಇನ್ನೂ ವಿಚಿತ್ರವೆಂದರೆ, ಇದು ಎಡಿಟರ್‌ನಲ್ಲಿ ಓಡಿಸಿದಾಗಿನ ಮಾತು. ಅದೇ ಆಟವನ್ನು ಎಕ್ಸ್‌ಪೋರ್ಟ್ ಮಾಡಿ ಆಂಡ್ರಾಯ್ಡ್ ಫೋನಿಗೆ ಹಾಕಿದರೆ ಮತ್ತೆ ಆರು ತುಂಡು. ಒಂದೇ ಕೋಡ್‌ಗೆ ಎರಡು ಕಡೆ ಎರಡು ಫಲಿತಾಂಶ ಏಕೆ?

ಸಂಕೇತ ಶೋಧಕ

ಇಲ್ಲಿ ಬೇರೆಬೇರೆ ಕಾರಣಗಳ ಎರಡು ಸಮಸ್ಯೆಗಳು ಒಟ್ಟಿಗೆ ಕಾಣಿಸಿಕೊಂಡಿವೆ.

ಎಡಿಟರ್‌ಗೂ ಫೋನಿಗೂ ಇರುವ ವ್ಯತ್ಯಾಸವನ್ನು ಮೊದಲು ನೋಡೋಣ. ಗಡಿ ಗುರುತಿಸುವ ಕೆಲಸವನ್ನು ಗೋಡೋ 4ರಲ್ಲಿ ಐಸಿಯು ಎಂಬ ಗ್ರಂಥಾಲಯ (ಸಿದ್ಧ ಕೋಡ್‌ಗಳ ಸಂಗ್ರಹ) ಮಾಡುತ್ತದೆ, ಅದಕ್ಕೆ ಯುನಿಕೋಡ್‌ನ ನಿಯಮಗಳಿರುವ ಡೇಟಾ ಬೇಕು. ಎಡಿಟರ್‌ನೊಳಗೆ ಆ ಡೇಟಾ ಸೇರಿಕೊಂಡೇ ಇರುತ್ತದೆ. ಎಕ್ಸ್‌ಪೋರ್ಟ್ ಆದ ಆಟಕ್ಕೆ ಅದು ಸೇರಬೇಕಾದರೆ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಕ್ಲೂಡ್ ಟೆಕ್ಸ್ಟ್ ಸರ್ವರ್ ಡೇಟಾ’ ಎಂಬುದನ್ನು ಗುರುತು ಮಾಡಿರಬೇಕು. ಅದಿಲ್ಲದಿದ್ದರೆ ನಿಯಮ ತಿಳಿಯದೆ ಪ್ರತಿ ಸಂಕೇತವನ್ನೂ ಒಂದೊಂದು ಅಕ್ಷರವೆಂದೇ ಎಣಿಸಲಾಗುತ್ತದೆ. ಸೇರಿಸಿದರೆ ಆಟದ ಗಾತ್ರ ಸುಮಾರು 4 ಎಂಬಿ ಹೆಚ್ಚುತ್ತದೆ. ಅದರಲ್ಲಿ ಬರ್ಮೀಸ್, ಚೀನೀ, ಜಪಾನೀ, ಖ್ಮೇರ್, ಲಾವೊ, ಥಾಯ್ ಭಾಷೆಗಳ ಪದಕೋಶಗಳೂ ಇರುವುದರಿಂದ ಅಷ್ಟು ಗಾತ್ರ. ಪದಗಳ ನಡುವೆ ಜಾಗ ಬಿಡುವ ಕನ್ನಡಕ್ಕೆ ಆ ಪದಕೋಶಗಳ ಅಗತ್ಯವಿಲ್ಲ.

ಎಡಿಟರ್‌ನಲ್ಲೂ ಮೂರು ತುಂಡಾಗುವುದರ ಕಾರಣ ಗೋಡೋದಲ್ಲಿಲ್ಲ, ಯುನಿಕೋಡ್‌ನಲ್ಲಿದೆ. ಅಲ್ಲಿನ ಸಾಮಾನ್ಯ ನಿಯಮದ ಪ್ರಕಾರ ವಿರಾಮ ಚಿಹ್ನೆ ತನ್ನ ಹಿಂದಿನ ವ್ಯಂಜನಕ್ಕೆ ಅಂಟಿಕೊಳ್ಳುತ್ತದೆ, ಮುಂದಿನ ವ್ಯಂಜನವನ್ನು ಹಿಡಿದುಕೊಳ್ಳುವುದಿಲ್ಲ. ಆದ್ದರಿಂದಲೇ ‘ಸ್’, ‘ತ್’, ‘ರೀ’. 2023ರ ಸೆಪ್ಟೆಂಬರ್‌ನಲ್ಲಿ ಬಂದ 15.1ನೇ ಆವೃತ್ತಿಯಲ್ಲಿ ಸಂಯುಕ್ತಾಕ್ಷರಗಳನ್ನು ಒಡೆಯದಂತೆ ಒಂದು ಹೊಸ ನಿಯಮ ಸೇರಿತು. ಆದರೆ ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಲಿಪಿಗಳಿಗೆ. ಒತ್ತಕ್ಷರದ ರಚನೆಯಲ್ಲಿ ತೆಲುಗಿಗೆ ಇಷ್ಟು ಹತ್ತಿರವಿರುವ ಕನ್ನಡ ಆ ಆವೃತ್ತಿಯ ಪಟ್ಟಿಯಲ್ಲಿಲ್ಲ. ಕನ್ನಡದಲ್ಲಿ ತಂತ್ರಾಂಶ ಮಾಡುವವರೆಲ್ಲರೂ ಈ ಸಂಗತಿಯನ್ನು ತಿಳಿದಿರಲೇಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ, ಏಕೆಂದರೆ ಸಿದ್ಧ ಗ್ರಂಥಾಲಯ ಹೇಳಿದ್ದನ್ನೇ ನಂಬಿದರೆ ಬ್ಯಾಕ್‌ಸ್ಪೇಸ್, ಪದಬಂಧದ ಚೌಕಗಳು, ಅಕ್ಷರ ಎಣಿಕೆ ಎಲ್ಲದರಲ್ಲೂ ಇದೇ ಪೆಟ್ಟು ಬೀಳುತ್ತದೆ.

ನಿಮ್ಮ ಕೆಲಸಕ್ಕೆ ಗಡಿಯ ನಿಯಮವನ್ನು ನೀವೇ ಬರೆದುಕೊಳ್ಳುವುದು ಒಳ್ಳೆಯದು, ಅದು ದೊಡ್ಡದೂ ಅಲ್ಲ. ಪಠ್ಯದ ಮೇಲೆ ಎಡದಿಂದ ಸಾಗುತ್ತ, ಬಂದ ಸಂಕೇತ ಸ್ವರಚಿಹ್ನೆ, ಅನುಸ್ವಾರ, ವಿಸರ್ಗ, ನುಕ್ತ, ವಿರಾಮ ಅಥವಾ ಶೂನ್ಯ ಅಗಲದ ಜೋಡಕಗಳಲ್ಲಿ (ಅಕ್ಷರ ಕೂಡುವುದನ್ನು ನಿಯಂತ್ರಿಸುವ ಅಗೋಚರ ಸಂಕೇತಗಳು) ಒಂದಾಗಿದ್ದರೆ ಅದನ್ನು ಹಿಂದಿನ ಅಕ್ಷರಕ್ಕೇ ಸೇರಿಸಿ. ಬಂದದ್ದು ವ್ಯಂಜನವಾಗಿದ್ದು ಅದರ ಹಿಂದೆಯೇ ವಿರಾಮವಿದ್ದರೆ ಅದನ್ನೂ ಹಿಂದಿನದಕ್ಕೇ ಸೇರಿಸಿ. ಉಳಿದ ಎಲ್ಲ ಸಂದರ್ಭಗಳಲ್ಲೂ ಹೊಸ ಅಕ್ಷರ ಆರಂಭವಾಗುತ್ತದೆ. ಇದರಿಂದ ‘ಸ್ತ್ರೀ’ ಒಂದೇ ಅಕ್ಷರ, ‘ಸೂರ್ಯ’ ಎರಡು ಅಕ್ಷರ. ಹೀಗೆ ಮಾಡಿದರೆ ಐಸಿಯು ಡೇಟಾದ ಅವಲಂಬನೆಯೂ ತಪ್ಪುವುದರಿಂದ ಫೋನಿನಲ್ಲೂ ಎಡಿಟರ್‌ನಲ್ಲೂ ಒಂದೇ ಫಲಿತಾಂಶ ಬರುತ್ತದೆ.

ಎರಡು ಕಡೆ ಎಚ್ಚರ ಬೇಕು. ‘ಫೇಸ್‌ಬುಕ್’ನಂಥ ಪದದಲ್ಲಿ ವಿರಾಮದ ನಂತರ ಕೂಡದಂತೆ ತಡೆಯುವ ಅಗೋಚರ ಸಂಕೇತವಿರುತ್ತದೆ, ಅಲ್ಲಿ ಬಕಾರದ ಹಿಂದೆ ನೇರವಾಗಿ ವಿರಾಮವಿಲ್ಲವಾದ್ದರಿಂದ ಹೊಸ ಅಕ್ಷರವೇ ಆರಂಭವಾಗಬೇಕು, ಮೇಲಿನ ನಿಯಮ ಹಾಗೆಯೇ ಮಾಡುತ್ತದೆ. ‘ರ‍್ಯಾಂಕ್’ ಎಂದು ರಕಾರವನ್ನು ಅರ್ಕಾವತ್ತಾಗದಂತೆ ಬರೆದಾಗ ಜೋಡಕ ವಿರಾಮಕ್ಕಿಂತ ಮೊದಲೇ ಬರುತ್ತದೆ; ಅಲ್ಲಿ ಯಕಾರದ ಹಿಂದೆ ವಿರಾಮವೇ ಇರುವುದರಿಂದ ಅದೂ ಸರಿಯಾಗಿ ಕೂಡಿಕೊಳ್ಳುತ್ತದೆ. ಇನ್ನು, ಬಣ್ಣ ಅಥವಾ ದಪ್ಪಕ್ಕಾಗಿ ಬಿಬಿಕೋಡ್ (ಪಠ್ಯದೊಳಗೆ ಚೌಕಾವರಣದಲ್ಲಿ ಬರೆಯುವ ಗುರುತುಗಳು) ಬಳಸುತ್ತಿದ್ದರೆ ಗಡಿ ಎಣಿಸಬೇಕಾದದ್ದು ಮೂಲ ಪಠ್ಯದಲ್ಲಲ್ಲ, ‘ಗೆಟ್ ಪಾರ್ಸ್ಡ್ ಟೆಕ್ಸ್ಟ್’ ಕೊಡುವ ಗುರುತುಗಳಿಲ್ಲದ ಪಠ್ಯದಲ್ಲಿ. ಇಲ್ಲದಿದ್ದರೆ ಮೊದಲ ಬಣ್ಣದ ಪದ ದಾಟಿದ ಮೇಲೆ ಎಣಿಕೆ ತಪ್ಪುತ್ತದೆ.

ಹೊಸ ಆಟಗಾರ

ಇದೇ ಕೆಲಸ ಯೂನಿಟಿಯಲ್ಲಿ ಸುಲಭವಾಗುತ್ತಿತ್ತೇ? ನಾನು ಎಂಜಿನ್ ಆರಿಸಿಕೊಳ್ಳುವ ಹಂತದಲ್ಲಿದ್ದೇನೆ.

ಸಂಕೇತ ಶೋಧಕ

ಅಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಟೆಕ್ಸ್ಟ್‌ಮೆಶ್ ಪ್ರೋ ಒಂದೊಂದು ಸಂಕೇತಕ್ಕೆ ಒಂದೊಂದು ಆಕಾರ ಹುಡುಕುವ ವಿಧಾನದ್ದು; ಕನ್ನಡದ ಒತ್ತುಗಳನ್ನು ಅದು ತಾನಾಗಿ ಕೂಡಿಸುವುದಿಲ್ಲ. ಪಠ್ಯವೇ ಮುಖ್ಯವಾಗಿರುವ ಕನ್ನಡದ ಆಟಕ್ಕೆ ಇಂದು ನಾನು ಗೋಡೋ 4ನ್ನೇ ಸೂಚಿಸುತ್ತೇನೆ. ನಿಮಗೆ ಹೆಚ್ಚಿನ ವಿವರ ಬೇಕಿದ್ದರೆ ಬೇರೆ ಚರ್ಚೆ ಆರಂಭಿಸಿ, ಅಲ್ಲಿ ಬರೆಯುತ್ತೇನೆ.

ಅಳಗುಳಿ ತಂಡ

ನಿಯಮವನ್ನು ಬರೆದು ಫೋನಿನಲ್ಲಿ ಪರೀಕ್ಷಿಸಿದ್ದೇವೆ. ‘ಆಫ್ಟರ್ ಶೇಪಿಂಗ್’ ಆಯ್ಕೆಯ ಜೊತೆಗೆ ಇದನ್ನು ಬಳಸಿದಾಗ ಪ್ರತಿ ಅಕ್ಷರ ಪೂರ್ಣ ರೂಪದಲ್ಲೇ ಮೂಡುತ್ತದೆ, ಅಕ್ಷರಕ್ಕೊಂದೇ ಬೀಜದ ಸದ್ದು ಕೇಳಿಸುತ್ತದೆ. ಪದಗಳ ನಡುವಿನ ಜಾಗಕ್ಕೂ ಸದ್ದು ಬರುತ್ತಿತ್ತು. ಅಲ್ಲಿ ಸದ್ದು ತೆಗೆದು, ಪೂರ್ಣವಿರಾಮ ಬಂದ ಕಡೆ ಸ್ವಲ್ಪ ಹೊತ್ತು ನಿಲ್ಲಿಸಿದ ಮೇಲೆ ಅಜ್ಜಿಯ ಮಾತಿಗೆ ನಾವು ಬಯಸಿದ್ದ ನಡೆ ಬಂದಿದೆ. ಟೆಕ್ಸ್ಟ್ ಸರ್ವರ್ ಡೇಟಾವನ್ನು ಸದ್ಯಕ್ಕೆ ಸೇರಿಸಿಲ್ಲ, ಏಕೆಂದರೆ ಹಳ್ಳಿ ಶಾಲೆಗಳ ಹಳೆಯ ಫೋನುಗಳಿಗೆ ಆಟದ ಗಾತ್ರ ಆದಷ್ಟು ಕಡಿಮೆಯಿರಬೇಕೆಂಬುದು ನಮ್ಮ ಆಸೆ.

ಚಿತ್ರಗಳಾಗಿ ಉಳಿದಿದ್ದ ಹಳೆಯ ಸಂಭಾಷಣೆಗಳನ್ನೆಲ್ಲ ಈಗ ಪಠ್ಯಕ್ಕೆ ಬದಲಿಸುತ್ತಿದ್ದೇವೆ. ಅದು ಮುಗಿದ ಕೂಡಲೇ ಪರೀಕ್ಷಾ ಆವೃತ್ತಿಯನ್ನೂ, ಗಡಿ ಹುಡುಕುವ ಕೋಡನ್ನೂ ಯಾರು ಬೇಕಾದರೂ ಬಳಸಿಕೊಳ್ಳುವಂತೆ ಇದೇ ಚರ್ಚೆಯಲ್ಲಿ ಹಾಕುತ್ತೇವೆ. ನೆರವಾದ ಎಲ್ಲರಿಗೂ ತಂಡದ ಪರವಾಗಿ ಹೃತ್ಪೂರ್ವಕ ಧನ್ಯವಾದಗಳು.